ತೂಕ ಇಳಿಸಿ, ಕಾಲಿನ ಬಲ ಉಳಿಸಿಕೊಳ್ಳಿ: 60 ದಾಟಿದವರಿಗೊಂದು ಮಾರ್ಗದರ್ಶಿ

ಐದು ಕೆಜಿ ತೂಕ ಇಳಿಯಿತು ಅಂದರೆ ಮನೆಮಂದಿಯೆಲ್ಲ ಖುಷಿಪಡುತ್ತಾರೆ. ಇಳಿದದ್ದು ಏನು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಹೊಟ್ಟೆಯ ಕೊಬ್ಬು ಹೋಯಿತಾ, ತೊಡೆಯ ಮಾಂಸಖಂಡ ಹೋಯಿತಾ? ತೂಕದ ಯಂತ್ರ ಅದನ್ನು ಹೇಳುವುದಿಲ್ಲ.

ಬರೀ ಊಟ ಕಡಿಮೆ ಮಾಡಿ ತೂಕ ಇಳಿಸಿದರೆ, ಹೋದ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬೇ ಆಗಿರುವುದಿಲ್ಲ. ಅದರಲ್ಲಿ ಸ್ನಾಯುವೂ ಸೇರಿರುತ್ತದೆ. ಮೂವತ್ತರ ವಯಸ್ಸಿನಲ್ಲಿ ಕಳೆದುಕೊಂಡದ್ದನ್ನು ಮತ್ತೆ ಗಳಿಸಬಹುದು. ಅರವತ್ತೈದರ ಮೇಲೆ ಅದು ಅಷ್ಟು ಸುಲಭ ಅಲ್ಲ. ಆ ವಯಸ್ಸಿಗೆ ಸ್ನಾಯು ಹೇಗೂ ವರ್ಷವರ್ಷ ಸ್ವಲ್ಪಸ್ವಲ್ಪ ಕರಗುತ್ತಿರುತ್ತದೆ. 1989ರಲ್ಲಿ ಅಮೆರಿಕದ ಪೋಷಣಾ ತಜ್ಞ ಇರ್ವಿನ್ ರೋಸೆನ್‌ಬರ್ಗ್ ಇದಕ್ಕೆ ಸಾರ್ಕೊಪೀನಿಯಾ ಅಂತ ಹೆಸರಿಟ್ಟರು. ಹೀಗೆ ಕರಗುತ್ತಿರುವಾಗಲೇ ರಾತ್ರಿ ಊಟ ಬಿಟ್ಟು, ಬರೀ ಸೌತೆಕಾಯಿ ತಿಂದು ತೂಕ ಇಳಿಸಿದರೆ, ಮಂಡಿಯ ಭಾರ ಕಡಿಮೆಯಾಗುತ್ತದೆ ನಿಜ. ಮಂಡಿಯನ್ನು ಹಿಡಿದು ನಿಲ್ಲಿಸುವ ತೊಡೆಯೂ ಸೊರಗುತ್ತದೆ.

ಅದಕ್ಕೇ ಇಲ್ಲಿ ಹೇಳುವ ಕ್ರಮ ಸ್ವಲ್ಪ ಬೇರೆ. ಮೊದಲು ಕಾಲಿಗೆ ಬಲ. ಜೊತೆಗೆ ತಟ್ಟೆಗೆ ಪ್ರೋಟೀನ್. ಇವೆರಡೂ ಮೂರು ನಾಲ್ಕು ವಾರ ನಡೆದ ಮೇಲೆ ಊಟದಲ್ಲಿ ಕಡಿತ. ಬಹಳ ಜನ ಮಾಡುವುದು ಇದರ ಉಲ್ಟಾ.

ತೂಕ ಇಳಿಸಲೇಬೇಕಾ?

ಮೊದಲು ಇದನ್ನು ತೀರ್ಮಾನ ಮಾಡಿ. ಮಂಡಿ ಸವೆತ, ಸಕ್ಕರೆ ಕಾಯಿಲೆ, ಲಿವರ್‌ನಲ್ಲಿ ಕೊಬ್ಬು, ನಿದ್ದೆಯಲ್ಲಿ ಉಸಿರು ಕಟ್ಟುವುದು, ಇಂಥ ತೊಂದರೆ ಇದ್ದು ತೂಕವೂ ಜಾಸ್ತಿ ಇದ್ದರೆ ಇಳಿಸುವುದರಲ್ಲಿ ಅರ್ಥವಿದೆ. ಭಾರತೀಯರ ಲೆಕ್ಕದಲ್ಲಿ ಬಿಎಂಐ (ಕೆಜಿ ತೂಕವನ್ನು ಮೀಟರ್‌ನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆ) 25 ದಾಟಿದರೆ ಬೊಜ್ಜು. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಬಾರದು. ಆದರೆ 75 ವರ್ಷ ದಾಟಿದವರು, ಬಿಎಂಐ 24ರ ಆಸುಪಾಸಿನಲ್ಲಿದ್ದು ಓಡಾಡಿಕೊಂಡು ಚೆನ್ನಾಗಿರುವವರು, ಮಗಳು ದಪ್ಪ ಆಗಿದ್ದೀಯ ಅಂದಳು ಅಂತ ತೂಕ ಇಳಿಸಲು ಹೋಗಬಾರದು. ಅಂಥವರು ಈ ಲೇಖನದ ವ್ಯಾಯಾಮ ಮತ್ತು ಪ್ರೋಟೀನ್ ಭಾಗ ಮಾತ್ರ ಓದಿಕೊಂಡರೆ ಸಾಕು.

ಇನ್ನೊಂದು ಮಾತು. ನೀವು ಏನೂ ಪ್ರಯತ್ನ ಮಾಡದೆ ಆರು ತಿಂಗಳಿಂದ ಒಂದು ವರ್ಷದೊಳಗೆ ತೂಕದ 5 ಶೇಕಡಾ ಹೋಗಿದ್ದರೆ, ಅಂದರೆ 60 ಕೆಜಿಯವರು ತಾವಾಗಿಯೇ 57ಕ್ಕೆ ಬಂದಿದ್ದರೆ, ಅದು ಸಂಭ್ರಮಪಡುವ ವಿಷಯವಲ್ಲ. ಡಾಕ್ಟರ್ ಹತ್ತಿರ ಹೋಗಲೇಬೇಕು.

ಮೊದಲ ಹೆಜ್ಜೆ: ಇವತ್ತಿನ ಬಲ ಎಷ್ಟು, ಬರೆದಿಡಿ

ಕೈ ಇಲ್ಲದ, ಗಟ್ಟಿಯಾದ, ಮಂಡಿಯ ಮಟ್ಟಕ್ಕೆ ಬರುವ ಒಂದು ಕುರ್ಚಿ ತೆಗೆದುಕೊಳ್ಳಿ. ಅದರ ಬೆನ್ನು ಗೋಡೆಗೆ ತಾಗಿರಲಿ. ಹಗುರವಾದ ಪ್ಲಾಸ್ಟಿಕ್ ಕುರ್ಚಿ ಬೇಡ, ಟೈಲ್ಸ್ ಮೇಲೆ ಜಾರುತ್ತದೆ. ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಂಡು, ಐದು ಸಲ ಪೂರ್ತಿ ಎದ್ದು ನಿಂತು ಕೂತುಕೊಳ್ಳಿ. ಪಕ್ಕದಲ್ಲಿ ಒಬ್ಬರು ನಿಂತು ಮೊಬೈಲ್‌ನಲ್ಲಿ ಸಮಯ ನೋಡಲಿ. ಏಷ್ಯಾದ ತಜ್ಞರ ಗುಂಪೊಂದು 2019ರಲ್ಲಿ ಕೊಟ್ಟ ಅಳತೆಯ ಪ್ರಕಾರ, ಇದಕ್ಕೆ 12 ಸೆಕೆಂಡ್ ಅಥವಾ ಜಾಸ್ತಿ ಹಿಡಿದರೆ ಕಾಲಿನ ಸಾಮರ್ಥ್ಯ ಕಡಿಮೆಯಾಗಿದೆ ಅಂತ ಲೆಕ್ಕ. ಕೈ ಊರದೆ ಏಳಲು ಆಗಲೇ ಇಲ್ಲ ಅಂದರೂ ಬೇಜಾರಾಗಬೇಡಿ, ಅದನ್ನೂ ಹಾಗೇ ಬರೆದಿಡಿ. ಸುಧಾರಣೆ ಎದ್ದು ಕಾಣುವುದು ಅಂಥವರಲ್ಲೇ.

ಇನ್ನೊಂದು ಅಳತೆ ಮೀನಖಂಡದ್ದು. ಕೂತು, ಪಾದ ನೆಲಕ್ಕೆ ಊರಿ, ಟೇಪಿನಿಂದ ಮೀನಖಂಡದ ಅತಿ ದಪ್ಪ ಜಾಗ ಅಳೆಯಿರಿ. ಅದೇ ತಜ್ಞರ ಪ್ರಕಾರ ಗಂಡಸರಿಗೆ 34 ಸೆಂ.ಮೀ.ಗಿಂತ, ಹೆಂಗಸರಿಗೆ 33 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಸ್ನಾಯು ಕಡಿಮೆ ಇರುವ ಅನುಮಾನ. ಕಾಲು ಬಾವು ಬರುವವರಿಗೆ ಈ ಅಳತೆ ನಂಬುವ ಹಾಗಿಲ್ಲ. ತೂಕ, ಸೊಂಟದ ಸುತ್ತಳತೆ, ಮೀನಖಂಡ, ಕುರ್ಚಿಯ ಸೆಕೆಂಡ್, ಈ ನಾಲ್ಕನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ತಾರೀಖಿನ ಮೇಲೆ ಬರೆದುಬಿಡಿ.

ಎರಡನೆಯದು: ಡಾಕ್ಟರ್ ಹತ್ತಿರ ಕೇಳಬೇಕಾದದ್ದು

ತೂಕ ಇಳಿಯುತ್ತಾ ಹೋದ ಹಾಗೆ ಬಿಪಿ ಮತ್ತು ಸಕ್ಕರೆಯೂ ಇಳಿಯುತ್ತವೆ. ಹಳೆಯ ಡೋಸ್ ಮಾತ್ರೆ ಹಾಗೇ ಮುಂದುವರಿದರೆ ತಲೆ ಸುತ್ತಿ ಬೀಳುವ ಅಪಾಯವಿದೆ. ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಥರದ ಮಾತ್ರೆ ನುಂಗುವವರು ಊಟ ಕಡಿಮೆ ಮಾಡುವ ಮೊದಲೇ ಡೋಸ್ ಬಗ್ಗೆ ಕೇಳಬೇಕು. ಕಿಡ್ನಿ ತೊಂದರೆ ಇದ್ದವರು ಪ್ರೋಟೀನ್ ಎಷ್ಟು ತಿನ್ನಬಹುದು ಅಂತ ಕೇಳಬೇಕು. ಕೆಳಗೆ ಕೊಡುವ ಲೆಕ್ಕ ಅವರಿಗೆ ಅನ್ವಯಿಸುವುದಿಲ್ಲ. ವಿಟಮಿನ್ ಡಿ ಮತ್ತು ಬಿ12 ಪರೀಕ್ಷೆ ಒಂದು ಸಲ ಮಾಡಿಸಿಬಿಡಿ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಜಾಸ್ತಿ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದವರಲ್ಲಿ ಇನ್ನೂ ಜಾಸ್ತಿ.

ಮೂರನೆಯದು: ಕುರ್ಚಿಯಿಂದ ಶುರು

ಈ ವಯಸ್ಸಿನಲ್ಲಿ ಇನ್ನೇನು ಕಸರತ್ತು ಅಂತ ಕೇಳುವವರಿಗೆ ಒಂದು ವಿಷಯ ಹೇಳಬೇಕು. 1990ರಲ್ಲಿ ಬಾಸ್ಟನ್‌ನಲ್ಲಿ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ವೃದ್ಧಾಶ್ರಮದಲ್ಲಿದ್ದ, ಸರಾಸರಿ 90 ವರ್ಷದ ಹತ್ತು ಜನರಿಗೆ ಎಂಟು ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿದರು. ಎಲ್ಲರೂ ದುರ್ಬಲರಾಗಿದ್ದವರೇ. ಒಬ್ಬರು ನಡುವೆ ಬಿಟ್ಟರು. ಪೂರ್ತಿ ಮಾಡಿದವರ ಕಾಲಿನ ಬಲ ಸರಾಸರಿ 174 ಶೇಕಡಾ ಹೆಚ್ಚಿತು. 90ರಲ್ಲಿ ಆಗಿದ್ದು 65ರಲ್ಲಿ ಆಗದೇ ಇರುತ್ತದಾ?

ನಿಮಗೆ ಜಿಮ್ ಬೇಕಿಲ್ಲ. ಆ ಪರೀಕ್ಷೆಯ ಕುರ್ಚಿಯೇ ಸಾಕು. ಆದರೆ ಕೂತು ಏಳುವುದನ್ನು ಸರಿಯಾಗಿ ಮಾಡಬೇಕು, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಬರಿಗಾಲಲ್ಲಿರಿ, ಸಾಕ್ಸ್ ಬೇಡ. ಕುರ್ಚಿಯ ಮುಂಭಾಗಕ್ಕೆ ಸರಿದು ಕೂರಿ. ಪಾದಗಳ ನಡುವೆ ಒಂದು ಗೇಣು ಅಂತರ ಇರಲಿ. ಹಿಮ್ಮಡಿ ಮಂಡಿಗಿಂತ ಸ್ವಲ್ಪ ಹಿಂದಿರಲಿ. ಈಗ ಸೊಂಟದಿಂದ ಮುಂದಕ್ಕೆ ಬಾಗಿ, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು. ಇಷ್ಟು ಬಾಗದೆ ನೆಟ್ಟಗೆ ಏಳಲು ಹೋಗುವುದರಿಂದಲೇ ಬಹಳ ಜನರಿಗೆ ಆಗುವುದಿಲ್ಲ. ಉಸಿರು ಬಿಡುತ್ತಾ ಏಳಿ. ಪೂರ್ತಿ ನಿಂತು ಪೃಷ್ಠ ಬಿಗಿ ಮಾಡಿ. ಆಮೇಲೆ ಒಂದು, ಎರಡು, ಮೂರು ಅಂತ ಎಣಿಸುತ್ತಾ ನಿಧಾನಕ್ಕೆ ಕೂರಿ. ದೊಪ್ಪನೆ ಕೂರಬೇಡಿ. ಇಳಿಯುವಾಗ ತೊಡೆ ಭಾರ ತಡೆಯುತ್ತದಲ್ಲ, ಬಲ ಬರುವ ಕೆಲಸದಲ್ಲಿ ಅರ್ಧ ಅಲ್ಲೇ ಇದೆ. ಮಂಡಿಗಳು ಒಳಗೆ ವಾಲದಂತೆ ನೋಡಿಕೊಳ್ಳಿ. ಉಸಿರು ಹಿಡಿದು ಮಾತ್ರ ಮಾಡಬೇಡಿ, ಬಿಪಿ ಒಮ್ಮೆಲೇ ಏರುತ್ತದೆ.

ಎಂಟರಿಂದ ಹನ್ನೆರಡು ಸಲ ಆದರೆ ಒಂದು ಸುತ್ತು. ಒಂದೆರಡು ನಿಮಿಷ ಸುಧಾರಿಸಿಕೊಂಡು ಇನ್ನೊಂದು ಸುತ್ತು. ಮೊದಲ ವಾರ ಒಂದೇ ಸುತ್ತು ಸಾಕು. ಏಳಲು ಆಗದವರು ಕುರ್ಚಿಯ ಮೇಲೆ ಎರಡು ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ, ಅಥವಾ ಮುಂದೆ ಗಟ್ಟಿ ಮೇಜು ಇಟ್ಟು ಕೈ ಊರಿ. ವಾರ ಕಳೆದ ಹಾಗೆ ಒಂದು ದಿಂಬು ತೆಗೆಯಿರಿ. ಆಮೇಲೆ ಕೈ ಬಿಡಿ. ಅದೂ ಸುಲಭ ಆಯಿತಾ? ಒಂದು ಕೆಜಿ ತೊಗರಿಬೇಳೆ ಪ್ಯಾಕೆಟ್ ಎದೆಗೆ ಅವುಚಿಕೊಂಡು ಮಾಡಿ. ಆಮೇಲೆ ಎರಡು ಕೆಜಿ, ಮೂರು ಕೆಜಿ.

ಎಷ್ಟು ಕಷ್ಟ ಇರಬೇಕು ಅನ್ನುವುದಕ್ಕೆ ಅಳತೆ ಇದು: ಸುತ್ತು ಮುಗಿಸಿದಾಗ, ಬೇಕಾದರೆ ಇನ್ನೆರಡು ಮಾಡಬಹುದು, ಅದಕ್ಕಿಂತ ಜಾಸ್ತಿ ಆಗಲ್ಲ ಅನ್ನಿಸಬೇಕು. ಇನ್ನೂ ಇಪ್ಪತ್ತು ಮಾಡಬಹುದು ಅನ್ನಿಸಿದರೆ ಸ್ನಾಯುವಿಗೆ ಅದು ಕೆಲಸವೇ ಅಲ್ಲ. ತಿಂಗಳುಗಟ್ಟಲೆ ಅದೇ ಅರ್ಧ ಕೆಜಿ ಡಂಬೆಲ್ ಎತ್ತುತ್ತಾ ಇರುವವರಿಗೆ ಏನೂ ಬದಲಾಗದೇ ಇರುವುದು ಇದಕ್ಕೇ.

ಜೊತೆಗೆ ಇನ್ನು ನಾಲ್ಕು ಸೇರಿಸಿ. ಗೋಡೆಗೆ ಒಂದು ಮೊಳ ದೂರ ನಿಂತು ಅಂಗೈ ಊರಿ ಗೋಡೆ ದಂಡ ಹೊಡೆಯುವುದು. ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ಕೈಚೀಲದಲ್ಲಿ ನೀರಿನ ಬಾಟಲಿ ತುಂಬಿ, ಒಂದು ಕೈ ಮೇಜಿಗೆ ಊರಿ ಬಾಗಿ, ಇನ್ನೊಂದು ಕೈಯಿಂದ ಚೀಲವನ್ನು ಪಕ್ಕೆಯ ತನಕ ಎಳೆಯುವುದು. ಮಂಚದ ಮೇಲೆ ಅಂಗಾತ ಮಲಗಿ, ಮಂಡಿ ಮಡಿಸಿ ಸೊಂಟ ಎತ್ತುವುದು. ಇವೆಲ್ಲ ವಾರಕ್ಕೆ ಎರಡು ಅಥವಾ ಮೂರು ದಿನ, ನಡುವೆ ಒಂದು ದಿನ ಬಿಡುವು. ಬಿಡುವಿನ ದಿನ ಕಟ್ಟೆ ಪಕ್ಕದಲ್ಲಿ ನಿಂತು ಒಂಟಿ ಕಾಲಿನ ಸಮತೋಲನ ಅಭ್ಯಾಸ ಮಾಡಿ. ಬೆರಳು ಕಟ್ಟೆಗೆ ತಾಗಿಕೊಂಡೇ ಇರಲಿ.

ಮಾರನೇ ದಿನ ತೊಡೆ ಹಿಡಿದ ಹಾಗಾದರೆ ಗಾಬರಿ ಬೇಡ, ಎರಡು ದಿನದಲ್ಲಿ ಹೋಗುತ್ತದೆ. ಕೀಲಿನ ಒಳಗೆ ಚುಚ್ಚುವ ನೋವು ಬಂದರೆ ಎತ್ತರ ಜಾಸ್ತಿ ಮಾಡಿ, ಭಾರ ಕಡಿಮೆ ಮಾಡಿ. ಎದೆ ನೋವು, ಕಣ್ಣು ಕತ್ತಲೆ, ವಿಪರೀತ ಏದುಸಿರು ಬಂದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರ್‌ಗೆ ತೋರಿಸಿ. ಹೃದಯದ ತೊಂದರೆ ಇರುವವರು, ಇತ್ತೀಚೆಗೆ ಕಣ್ಣಿನ ಅಥವಾ ಹರ್ನಿಯಾ ಆಪರೇಷನ್ ಆದವರು, ಮೂಳೆ ಸವೆತ ಜಾಸ್ತಿ ಇರುವವರು ಶುರು ಮಾಡುವ ಮೊದಲೇ ಕೇಳಿಕೊಳ್ಳಬೇಕು.

ದಿನಾ ವಾಕಿಂಗ್ ಮಾಡ್ತೀನಲ್ಲ, ಸಾಲದಾ?

ಲಾಲ್‌ಬಾಗ್‌ನಲ್ಲೋ ಕುಕ್ಕರಹಳ್ಳಿ ಕೆರೆ ಏರಿಯ ಮೇಲೋ ಬೆಳಿಗ್ಗೆ ನಡೆಯುವವರೆಲ್ಲ ಕೇಳುವ ಪ್ರಶ್ನೆ ಇದು. ವಾಕಿಂಗ್ ಬಿಡಬೇಡಿ. ಹೃದಯಕ್ಕೆ, ಸಕ್ಕರೆಗೆ, ಮನಸ್ಸಿಗೆ ಅದು ಬೇಕು. ಆದರೆ ತೂಕ ಇಳಿಸುವಾಗ ಸ್ನಾಯು ಕಾಯಲು ಅದೊಂದೇ ಸಾಲದು.

ಇದಕ್ಕೆ ಒಳ್ಳೆಯ ಸಾಕ್ಷಿ ಅಮೆರಿಕದ ಒಂದು ಪ್ರಯೋಗ. ಡೆನ್ನಿಸ್ ವಿಲ್ಲಾರಿಯಲ್ ತಂಡ 2017ರಲ್ಲಿ ಇದನ್ನು ಪ್ರಕಟಿಸಿತು. ಬೊಜ್ಜಿರುವ, 65 ದಾಟಿದ 160 ಜನರನ್ನು ಗುಂಪು ಮಾಡಿದರು. ಮೂರು ಗುಂಪಿಗೆ ಊಟ ಕಡಿತ. ಅದರ ಜೊತೆ ಒಂದು ಗುಂಪಿಗೆ ನಡಿಗೆ, ಸೈಕಲ್ ಥರದ ವ್ಯಾಯಾಮ, ಇನ್ನೊಂದಕ್ಕೆ ಭಾರ ಎತ್ತುವುದು, ಮತ್ತೊಂದಕ್ಕೆ ಎರಡೂ. ಆರು ತಿಂಗಳಲ್ಲಿ ಮೂರೂ ಗುಂಪಿನವರ ತೂಕ ಹೆಚ್ಚುಕಡಿಮೆ ಒಂದೇ ಸಮ ಇಳಿಯಿತು, ಸುಮಾರು 9 ಶೇಕಡಾ. ಆದರೆ ನಡಿಗೆಯ ಗುಂಪು ಕೊಬ್ಬಿಲ್ಲದ ತೂಕದಲ್ಲಿ 5 ಶೇಕಡಾ ಕಳೆದುಕೊಂಡಿತು. ಭಾರ ಎತ್ತಿದ ಗುಂಪು 2, ಎರಡೂ ಮಾಡಿದ ಗುಂಪು 3. ಓಡಾಟ, ಏಳುವುದು, ಮೆಟ್ಟಿಲು ಹತ್ತುವುದು, ಇಂಥ ಕೆಲಸಗಳ ಸಾಮರ್ಥ್ಯ ಎಲ್ಲರಿಗಿಂತ ಜಾಸ್ತಿ ಸುಧಾರಿಸಿದ್ದು ಎರಡೂ ಮಾಡಿದವರಲ್ಲಿ.

ಆದ್ದರಿಂದ ಭಾರದ ದಿನ ನಡಿಗೆ ಚಿಕ್ಕದಿರಲಿ, ಉಳಿದ ದಿನ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಸಮಯ ಇರುವುದು ಒಂದಕ್ಕೇ ಅನ್ನುವ ದಿನ ಕುರ್ಚಿಯನ್ನೇ ಆರಿಸಿಕೊಳ್ಳಿ.

ನಾಲ್ಕನೆಯದು: ತಟ್ಟೆಯಲ್ಲಿ ಪ್ರೋಟೀನ್ ಹುಡುಕಿ

ವಯಸ್ಸಾದ ಸ್ನಾಯುವಿಗೆ ಪ್ರೋಟೀನಿನ ಕರೆ ಬೇಗ ಕೇಳಿಸುವುದಿಲ್ಲ. ಹುಡುಗರಿಗೆ ಸಾಕಾಗುವಷ್ಟು ತಿಂದರೆ ಅದು ಬೆಳೆಯುವುದಿಲ್ಲ, ಸ್ವಲ್ಪ ಜಾಸ್ತಿಯೇ ಬೇಕು. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ವಯಸ್ಕರಿಗೆ ಹೇಳುವುದು ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ. ಹಿರಿಯರ ಪೋಷಣೆಯ ಬಗ್ಗೆ ಕೆಲಸ ಮಾಡುವ ತಜ್ಞರು 1ರಿಂದ 1.2 ಗ್ರಾಂ ಬೇಕು ಅನ್ನುತ್ತಾರೆ. 65 ಕೆಜಿಯವರಿಗೆ 65ರಿಂದ 78 ಗ್ರಾಂ. ತೀರಾ ಜಾಸ್ತಿ ತೂಕ ಇರುವವರು ಮುಟ್ಟಬೇಕಾದ ತೂಕದ ಲೆಕ್ಕ ಹಿಡಿದರೂ ನಡೆಯುತ್ತದೆ.

ಈಗ ಒಂದು ಮಾಮೂಲಿ ದಿನ ನೋಡೋಣ. ಬೆಳಿಗ್ಗೆ ಮೂರು ಇಡ್ಲಿ, ಚಟ್ನಿ. ಮಧ್ಯಾಹ್ನ ಅನ್ನ, ತಿಳಿಸಾರು, ಪಲ್ಯ, ಮಜ್ಜಿಗೆ. ಸಂಜೆ ಕಾಫಿ, ಎರಡು ಚಕ್ಕುಲಿ. ರಾತ್ರಿ ಎರಡು ಚಪಾತಿ, ಪಲ್ಯ. ಕೂಡಿಸಿದರೆ 35, ಹೆಚ್ಚೆಂದರೆ 40 ಗ್ರಾಂ ಪ್ರೋಟೀನ್. ಹೊಟ್ಟೆ ತುಂಬಿದೆ, ಸ್ನಾಯುವಿನ ಪಾಲು ಅರ್ಧವೇ ಸಿಕ್ಕಿದೆ. ಇದರಲ್ಲೂ ಊಟ ಕಡಿಮೆ ಮಾಡಿದರೆ ಏನಾಗುತ್ತದೆ ಯೋಚಿಸಿ.

ಸರಿಪಡಿಸುವುದು ಕಷ್ಟವಲ್ಲ, ಅಡುಗೆ ಬದಲಾಯಿಸಬೇಕಾಗಿಯೂ ಇಲ್ಲ. ಬೆಳಿಗ್ಗೆ ಇಡ್ಲಿ ಎರಡಕ್ಕಿಳಿಸಿ ಜೊತೆಗೆ ಎರಡು ಮೊಟ್ಟೆ ತಿಂದರೆ 12 ಗ್ರಾಂ ಸೇರಿತು. ಮೊಟ್ಟೆ ತಿನ್ನದವರು ಹೆಸರುಕಾಳು ನೆನೆಹಾಕಿ ರುಬ್ಬಿ ದೋಸೆ ಮಾಡಿಕೊಳ್ಳಿ. 50 ಗ್ರಾಂ ಕಾಳಿನಲ್ಲಿ ಸುಮಾರು 11 ಗ್ರಾಂ ಇದೆ. ಮಧ್ಯಾಹ್ನ ತಿಳಿಸಾರಿನ ಬದಲು ಗಟ್ಟಿ ಹುಳಿ, ತೊವ್ವೆ, ಮೊಳಕೆ ಕಾಳಿನ ಸಾರು, ಬಸ್ಸಾರಿನ ಜೊತೆ ಕಾಳಿನ ಪಲ್ಯ. ಕಟ್ಟಿನ ಸಾರು ರುಚಿ ಹೌದು, ಆದರೆ ಪ್ರೋಟೀನ್ ಇರುವುದು ಕೆಳಗೆ ಉಳಿದ ಬೇಳೆಯಲ್ಲಿ. ಒಬ್ಬರ ಪಾಲಿಗೆ 40 ಗ್ರಾಂ ಹಸಿ ಬೇಳೆಯಾದರೂ ಬೀಳಬೇಕು, ಅಂದರೆ ಸುಮಾರು 9 ಗ್ರಾಂ ಪ್ರೋಟೀನ್. ನೀರು ಮಜ್ಜಿಗೆಯ ಬದಲು ಗಟ್ಟಿ ಮೊಸರು ಒಂದು ಬಟ್ಟಲು. ಸಂಜೆ ಚಕ್ಕುಲಿ ಡಬ್ಬಿಯ ಜಾಗದಲ್ಲಿ ಹುರಿಗಡಲೆ ಡಬ್ಬಿ ಇಡಿ, 30 ಗ್ರಾಂಗೆ 6 ಗ್ರಾಂ ಸಿಗುತ್ತದೆ. ರಾತ್ರಿ ಚಪಾತಿಗೆ 75 ಗ್ರಾಂ ಪನೀರ್ ಪಲ್ಯ, ಇಲ್ಲವೇ 25 ಗ್ರಾಂ ಸೋಯಾ ಚಂಕ್ಸ್, ಎರಡರಲ್ಲೂ ಸುಮಾರು 13 ಗ್ರಾಂ. ಕರಾವಳಿಯವರಿಗೆ ಬಂಗುಡೆ, ಭೂತಾಯಿ ಇರುವಾಗ ಚಿಂತೆಯೇ ಇಲ್ಲ. ಎಣ್ಣೆಯಲ್ಲಿ ಕರಿಯದೆ ಪುಳಿಮುಂಚಿ ಮಾಡಿ. ಉತ್ತರ ಕರ್ನಾಟಕದವರ ಜೋಳದ ರೊಟ್ಟಿ, ಝುಣಕ, ಮಡಿಕೆ ಕಾಳು ಪಲ್ಯ, ಮೊಸರು ಮೊದಲೇ ಒಳ್ಳೆಯ ಜೋಡಿ. ಶೇಂಗಾ ಹಿಂಡಿ ಮಾತ್ರ ಕೈ ಹಿಡಿದು ಹಾಕಿಕೊಳ್ಳಿ, ಅದರಲ್ಲಿ ಕ್ಯಾಲೊರಿ ಜಾಸ್ತಿ.

ರಾಗಿಯ ಬಗ್ಗೆ ಒಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ರಾಗಿಯಲ್ಲಿ ಸುಣ್ಣದಂಶ ಧಾರಾಳ, 100 ಗ್ರಾಂಗೆ 350 ಮಿಲಿಗ್ರಾಂ ದಾಟುತ್ತದೆ. ಆದರೆ ಪ್ರೋಟೀನ್ 7 ಗ್ರಾಂ ಅಷ್ಟೇ, ಅಕ್ಕಿಗಿಂತ ಜಾಸ್ತಿಯೇನೂ ಅಲ್ಲ. ರಾತ್ರಿ ಬರೀ ಅಂಬಲಿ ಕುಡಿದು ಮಲಗಿದರೆ ಬಲ ಬರುವುದಿಲ್ಲ. ಮುದ್ದೆಯ ಜೊತೆ ಹುರುಳಿಯೋ, ಅವರೆಯೋ, ಮೊಟ್ಟೆಯೋ, ಕೋಳಿಯೋ ಇರಬೇಕು. ಹಳ್ಳಿಯಲ್ಲಿ ಮುದ್ದೆಗೆ ಕಾಳುಸಾರು ಜೋಡಿ ಆಗಿರುವುದು ಎಷ್ಟು ಒಳ್ಳೆಯದು ನೋಡಿ.

ಒಂದೇ ಹೊತ್ತಿನಲ್ಲಿ ಎಲ್ಲ ತಿನ್ನಬೇಡಿ. ಮೂರು ಹೊತ್ತಿಗೂ 20ರಿಂದ 25 ಗ್ರಾಂ ಬರುವ ಹಾಗೆ ಹಂಚಿಕೊಳ್ಳಿ. ನಮ್ಮಲ್ಲಿ ಸೊರಗುವುದು ಬೆಳಗಿನ ತಿಂಡಿ. ಅವಲಕ್ಕಿ, ಉಪ್ಪಿಟ್ಟು, ಚಿತ್ರಾನ್ನ ಎಲ್ಲದರಲ್ಲೂ ಪಿಷ್ಟವೇ ಜಾಸ್ತಿ. ತಿಂಡಿ ಸರಿಯಾದರೆ ಅರ್ಧ ಕೆಲಸ ಆದ ಹಾಗೆ.

ಕಾಳು ತಿಂದರೆ ಗ್ಯಾಸ್ ಅನ್ನುವವರು ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಮೊಳಕೆ ಬರಿಸಿ, ಇಂಗು ಜೀರಿಗೆ ಹಾಕಿ ಬೇಯಿಸಿ. ವಾರಕ್ಕೆ ಒಂದು ಚಮಚದಂತೆ ಏರಿಸಿ. ಹಲ್ಲಿಲ್ಲದವರಿಗೆ ಹಿತಕಿದಬೇಳೆ, ತೊವ್ವೆ, ಮೊಸರು, ಪನೀರ್, ಮೊಟ್ಟೆ ಇವೆ. ಹಾಲಿಗೆ ಕಲಸುವ ಎಷ್ಟೋ ಪುಡಿಗಳಲ್ಲಿ ಮಾಲ್ಟ್ ಮತ್ತು ಸಕ್ಕರೆಯೇ ಜಾಸ್ತಿ. ಡಬ್ಬಿಯ ಹಿಂದೆ ಒಂದು ಸಲಕ್ಕೆ ಎಷ್ಟು ಗ್ರಾಂ ಪ್ರೋಟೀನ್ ಅಂತ ಓದಿ, ಆಮೇಲೆ ದುಡ್ಡು ಕೊಡಿ.

ಐದನೆಯದು: ಈಗ ಕಡಿತ

ಮೂರು ನಾಲ್ಕು ವಾರ ವ್ಯಾಯಾಮ, ಪ್ರೋಟೀನ್ ಎರಡೂ ರೂಢಿಯಾದ ಮೇಲೆ ದಿನಕ್ಕೆ 300ರಿಂದ 400 ಕ್ಯಾಲೊರಿ ಕಡಿಮೆ ಮಾಡಿ. ಅದಕ್ಕಿಂತ ಜಾಸ್ತಿ ಬೇಡ. ದಿನಕ್ಕೆ ಮೂರು ಕಾಫಿಗೆ ಎರಡೆರಡು ಚಮಚ ಸಕ್ಕರೆ ಹಾಕುವವರು ಅದನ್ನು ಬಿಟ್ಟರೆ 100 ಕ್ಯಾಲೊರಿ ಹೋಯಿತು. ಎರಡನೇ ಸಲ ಬಡಿಸಿಕೊಳ್ಳುವ ಒಂದು ಬಟ್ಟಲು ಅನ್ನ ಬಿಟ್ಟರೆ ಇನ್ನು 200. ಇಷ್ಟೇ. ಬೇಕರಿ ತಿಂಡಿ, ಬಜ್ಜಿ, ಒಗ್ಗರಣೆಗೆ ಸುರಿಯುವ ಎಣ್ಣೆ ಇವುಗಳಲ್ಲಿ ಕೈ ಹಿಡಿದರೆ ಉಳಿದದ್ದೂ ಸಿಗುತ್ತದೆ. ಬೇಳೆ, ಮೊಸರು, ಮೊಟ್ಟೆ, ತರಕಾರಿಗೆ ಕೈ ಹಚ್ಚಬೇಡಿ.

ವಾರಕ್ಕೆ ಕಾಲು ಕೆಜಿಯಿಂದ ಅರ್ಧ ಕೆಜಿ ಇಳಿದರೆ ಸಾಕು. 70 ಕೆಜಿ ಇರುವವರು ನಾಲ್ಕೈದು ಕೆಜಿ ಇಳಿಸಿದರೆ ಮಂಡಿಗೂ ಸಕ್ಕರೆಗೂ ಗೊತ್ತಾಗುವಷ್ಟು ಗುಣ ಸಿಗುತ್ತದೆ. ಬೇಗ ಇಳಿಸುವುದರ ಪರಿಣಾಮ ನಮ್ಮ ಬೀದಿಯಲ್ಲೇ ಕಂಡಿದ್ದೇನೆ. ಸಕ್ಕರೆ ಕಾಯಿಲೆಗೆ ಹೆದರಿ ಹಿರಿಯರೊಬ್ಬರು ರಾತ್ರಿ ಊಟ ಪೂರ್ತಿ ಬಿಟ್ಟರು. ಸೌತೆಕಾಯಿ, ನೀರು ಮಜ್ಜಿಗೆ ಅಷ್ಟೇ. ಕೆಲವೇ ತಿಂಗಳಲ್ಲಿ ರವಿಕೆ ಎಲ್ಲ ಸಡಿಲವಾದವು, ಎಲ್ಲರೂ ಹೊಗಳಿದರು. ಆಮೇಲೊಂದು ಸತ್ಯನಾರಾಯಣ ಪೂಜೆಯಲ್ಲಿ ಚಾಪೆಯಿಂದ ಏಳಲು ಅವರಿಗೆ ಎರಡೂ ಕಡೆ ಒಬ್ಬೊಬ್ಬರು ಹಿಡಿಯಬೇಕಾಯಿತು. ಮೊದಲು ಅವರೇ ನೆಲದ ಮೇಲೆ ಕೂತು ತರಕಾರಿ ಹೆಚ್ಚುತ್ತಿದ್ದವರು. ಕುರ್ಚಿಯ ಮೇಲೆ ದಿಂಬು ಹಾಕಿಕೊಂಡು ಶುರು ಮಾಡಿ, ರಾತ್ರಿ ತೊವ್ವೆ, ಮೊಸರು ಮತ್ತೆ ಊಟಕ್ಕೆ ಬಂದ ಮೇಲೆ, ನಿಧಾನಕ್ಕೆ ಸುಧಾರಿಸಿದರು.

ದಾರಿ ತಪ್ಪುವ ಜಾಗಗಳು

ಉಪವಾಸ. ಏಕಾದಶಿ, ಸಂಕಷ್ಟಿ, ಶುಕ್ರವಾರ ಅಂತ ಮಾಡುವವರು ಆವತ್ತು ಸಬ್ಬಕ್ಕಿ, ಆಲೂಗಡ್ಡೆಯಲ್ಲೇ ದಿನ ಕಳೆಯುತ್ತಾರೆ. ಸಬ್ಬಕ್ಕಿಯಲ್ಲಿ ಪ್ರೋಟೀನ್ ಇಲ್ಲವೆಂದೇ ಹೇಳಬೇಕು. ಹಾಲು, ಮೊಸರು, ಪನೀರ್, ಸ್ವಲ್ಪ ಶೇಂಗಾ ನಿಮ್ಮ ಆಚಾರಕ್ಕೆ ಒಪ್ಪಿದರೆ ಅವನ್ನು ತೆಗೆದುಕೊಳ್ಳಿ. ದಿನಾ 16 ಗಂಟೆ ಹೊಟ್ಟೆ ಖಾಲಿ ಬಿಡುವ ಪದ್ಧತಿಯನ್ನು 65 ದಾಟಿದವರಿಗೆ ನಾನು ಹೇಳುವುದಿಲ್ಲ. ಉಳಿದ ಎಂಟು ಗಂಟೆಯಲ್ಲಿ ಬೇಕಾದಷ್ಟು ಪ್ರೋಟೀನ್ ತಿನ್ನಲು ಅವರ ಹಸಿವು ಬಿಡುವುದಿಲ್ಲ.

ಕಾಯಿಲೆ ಬಿದ್ದಾಗ. ಆರೋಗ್ಯವಾಗಿದ್ದ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ನೋಡಿದ ಒಂದು ಅಧ್ಯಯನ 2007ರಲ್ಲಿ ಅಮೆರಿಕದಲ್ಲಿ ಬಂತು. ಹತ್ತೇ ದಿನಕ್ಕೆ ಕಾಲುಗಳಿಂದ ಹೆಚ್ಚುಕಡಿಮೆ ಒಂದು ಕೆಜಿ ಕೊಬ್ಬಿಲ್ಲದ ತೂಕ ಹೋಗಿತ್ತು. ಡೆಂಗಿಯೋ, ಆಪರೇಷನ್ನೋ ಆದರೆ ತೂಕ ಇಳಿಸುವ ಕೆಲಸ ಪೂರ್ತಿ ನಿಲ್ಲಿಸಿ. ಬರೀ ಗಂಜಿಯಲ್ಲಿ ವಾರ ಕಳೆಯಬೇಡಿ. ಗಂಜಿಗೆ ಹೆಸರುಬೇಳೆ ಹಾಕಿ, ಮೊಸರು ಸೇರಿಸಿ, ಮೊಟ್ಟೆ ಒಪ್ಪಿದರೆ ಅದೂ ಇರಲಿ. ಡಾಕ್ಟರ್ ಬೇಡ ಅನ್ನದಿದ್ದರೆ ಊಟಕ್ಕಾದರೂ ಮಂಚದಿಂದ ಎದ್ದು ಕುರ್ಚಿಯಲ್ಲಿ ಕೂರಿ.

ತೂಕ ಇಳಿಸುವ ಇಂಜೆಕ್ಷನ್. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಈಗ ನಮ್ಮಲ್ಲೂ ಸಿಗುತ್ತಿವೆ. ಹಸಿವೇ ಆಗದ ಕಾರಣ ಜನ ಪ್ರೋಟೀನನ್ನೂ ಬಿಟ್ಟುಬಿಡುತ್ತಾರೆ. ಹೋದ ತೂಕದಲ್ಲಿ ಕೊಬ್ಬಿಲ್ಲದ ಭಾಗವೂ ಗಣನೀಯವಾಗಿರುತ್ತದೆ. ಡಾಕ್ಟರ್ ಬರೆದುಕೊಟ್ಟು ತೆಗೆದುಕೊಳ್ಳುತ್ತಿದ್ದರೆ, ಕುರ್ಚಿ ಮತ್ತು ಬೇಳೆ ನಿಮಗೆ ಬೇರೆಯವರಿಗಿಂತ ಜಾಸ್ತಿ ಬೇಕು. ತಟ್ಟೆಯಲ್ಲಿ ಮೊದಲು ಮೊಟ್ಟೆ, ಪನೀರ್, ಕಾಳು ತಿನ್ನಿ. ಹೊಟ್ಟೆಯಲ್ಲಿ ಜಾಗ ಉಳಿದರೆ ಅನ್ನ.

ಮಕ್ಕಳ ಪ್ರೀತಿ. ನೀವು ಸುಮ್ನೆ ಕೂತ್ಕೊಳ್ಳಿ, ನಾನು ಮಾಡ್ತೀನಿ ಅನ್ನುವ ಮಾತು ಮನಸ್ಸಿಗೆ ಹಿತ, ಕಾಲಿಗೆ ಅಲ್ಲ. ಅಪ್ಪ ಅಮ್ಮನಿಗೆ ತರಕಾರಿ ಚೀಲ ಹಿಡಿಯಲು ಬಿಡಿ, ಒಂದು ಮಹಡಿ ಹತ್ತಲು ಬಿಡಿ, ಒದ್ದೆ ಬಟ್ಟೆ ಹಿಂಡಲು ಬಿಡಿ. ಚಳಿಗಾಲದಲ್ಲಿ ಅಮೆರಿಕದ ಮಗನ ಮನೆಗೆ ಹೋದವರು ತಿಂಗಳುಗಟ್ಟಲೆ ಹೊರಗೆ ಕಾಲಿಡದೆ ಸೋಫಾದಲ್ಲೇ ಇರುತ್ತಾರೆ. ಅಲ್ಲಿಯೂ ಕುರ್ಚಿ ಇದೆ, ಒಳಗೇ ಮೆಟ್ಟಿಲಿದೆ.

ಆರನೆಯದು: ತಿಂಗಳಿಗೊಮ್ಮೆ ಕ್ಯಾಲೆಂಡರ್ ನೋಡಿ

ತೂಕ ವಾರಕ್ಕೊಮ್ಮೆ, ಬೆಳಿಗ್ಗೆ, ಶೌಚ ಆದ ಮೇಲೆ. ಉಳಿದ ಮೂರು ಅಳತೆ ತಿಂಗಳಿಗೊಮ್ಮೆ. ತೂಕ, ಸೊಂಟ ಇಳಿದು ಕುರ್ಚಿಯ ಸೆಕೆಂಡೂ ಕಡಿಮೆಯಾಗಿದ್ದರೆ ಹಾಗೇ ಮುಂದುವರಿಯಿರಿ. ತೂಕ ಇಳಿಯದೆ ಸೊಂಟ ಮಾತ್ರ ಇಳಿದಿದ್ದರೂ ಕೊಬ್ಬು ಹೋಗುತ್ತಿದೆ ಅಂತಲೇ ಅರ್ಥ, ಬೇಸರ ಬೇಡ. ತೂಕ ಇಳಿದು, ಕುರ್ಚಿಯ ಸೆಕೆಂಡ್ ಏರಿ, ಮೀನಖಂಡ ತೆಳುವಾಗಿದ್ದರೆ ಕಡಿತವನ್ನು ಆ ದಿನವೇ ನಿಲ್ಲಿಸಿ. ಬಿಟ್ಟಿದ್ದ ಊಟ ವಾಪಸ್ ತನ್ನಿ, ಪ್ರೋಟೀನ್ ಲೆಕ್ಕ ಮತ್ತೆ ನೋಡಿ, ಭಾರ ಸಾಕಷ್ಟು ಇದೆಯಾ ನೋಡಿ. ಒಂದು ತಿಂಗಳಾದ ಮೇಲೆ ಸೆಕೆಂಡ್ ಇಳಿದರೆ ಮಾತ್ರ ಮತ್ತೆ ಕಡಿತ ಶುರು ಮಾಡಿ.

ಗುರಿ ಮುಟ್ಟಿದ ಮೇಲೆ ಅರ್ಧ ಬಟ್ಟಲು ಅನ್ನವೋ ಒಂದು ರೊಟ್ಟಿಯೋ ಮಾತ್ರ ಮೊದಲು ವಾಪಸ್ ಸೇರಿಸಿ. ಎರಡು ವಾರ ತೂಕ ನೋಡಿ, ನಿಂತಿದ್ದರೆ ಅಲ್ಲಿಗೇ ಸಾಕು. ಈ ವಯಸ್ಸಿನಲ್ಲಿ ಮತ್ತೆ ಏರುವ ತೂಕದಲ್ಲಿ ಕೊಬ್ಬಿನ ಪಾಲೇ ಜಾಸ್ತಿ ಇರುತ್ತದೆ, ಹೋದ ಸ್ನಾಯು ಅಷ್ಟಾಗಿ ವಾಪಸ್ ಬರುವುದಿಲ್ಲ. ಇಳಿಸಿ ಏರಿಸಿ, ಮತ್ತೆ ಇಳಿಸುವ ಆಟ ಅದಕ್ಕೇ ಬೇಡ. ಎರಡು ಕೆಜಿ ಏರಿದ್ದು ಕಂಡರೆ ರಾತ್ರಿ ಊಟ ಬಿಡಲು ಹೋಗಬೇಡಿ. ಕಾಫಿಯ ಸಕ್ಕರೆ, ಎರಡನೇ ಸಲದ ಅನ್ನ, ಇವೆರಡನ್ನು ಮತ್ತೆ ತೆಗೆಯಿರಿ. ವಾರಕ್ಕೆ ಎರಡು ದಿನದ ಕುರ್ಚಿ ಮಾತ್ರ ಯಾವ ಕಾರಣಕ್ಕೂ ನಿಲ್ಲದಿರಲಿ.